ರ‍್ಯಾಮ್ ಹಾಕಿಸುವ ಮೊದಲು ಪುಟ ನೋಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಹಳೇದಾಗಿದೆ, ರ‍್ಯಾಮ್ ಜಾಸ್ತಿ ಹಾಕಿಸಿ. ವೆಬ್‌ಸೈಟ್ ನಿಧಾನವಾಗಿದೆ ಅಂದವರಿಗೆಲ್ಲ ನಾವು ಕೊಡುವ ಉತ್ತರ ಇದು. ನಾನೂ ಒಬ್ಬರಿಗೆ ಹಾಗೇ ಹೇಳಿ ಸುಮ್ನೆ ದುಡ್ಡು ಖರ್ಚು ಮಾಡಿಸಿದೆ. ಅದಕ್ಕೇ ಈ ಪತ್ರ.

ಶಿವಮೊಗ್ಗದಲ್ಲಿ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಒಂದು ಅಡಿಕೆ ಮಂಡಿಗೆ ದರ ತೋರಿಸುವ ಪುಟ ಮಾಡಿಕೊಟ್ಟಿದ್ದೆ. ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕೂ ಬಗೆಯ ಅಡಿಕೆಯ ದರವೂ ಅರ್ಧ ನಿಮಿಷಕ್ಕೊಮ್ಮೆ ತಾನಾಗಿ ಬರುತ್ತದೆ, ಜೊತೆಗೊಂದು ಗ್ರಾಫ್. ಬೆಳಿಗ್ಗೆ 9ಕ್ಕೆ ತೆರೆದ ಪುಟವನ್ನು ಅವರು ಮುಚ್ಚುವುದೇ ಇಲ್ಲ. ಮಧ್ಯಾಹ್ನ 3ರ ಹೊತ್ತಿಗೆ ಅದು ಹ್ಯಾಂಗ್ ಆಗುತ್ತಿತ್ತು. ನನ್ನ ಮಾತು ನಂಬಿ 4 ಜಿಬಿಯ ಲ್ಯಾಪ್‌ಟಾಪ್‌ಗೆ ಇನ್ನೂ 4 ಜಿಬಿ ಹಾಕಿಸಿದರು. ಆಮೇಲೆ ಅದೇ ದಿನ ನಿಲ್ಲುವ ಬದಲು ಮರುದಿನ ಬೆಳಿಗ್ಗೆ ನಿಂತಿತು. ದರ ಕೇಳಲು ಬಂದ ರೈತರು ಖಾಲಿ ಪರದೆ ನೋಡುತ್ತಾ ಕೂತಿದ್ದನ್ನು ನಾನೇ ಕಂಡೆ.

ಅವತ್ತು ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿದೆ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಅಲ್ಲಿ ಕಾಣುತ್ತದೆ. ಬೆಳಿಗ್ಗೆ 150 ಎಂಬಿ ಇದ್ದ ನನ್ನ ಪುಟ 3 ಗಂಟೆಗೆ 2 ಜಿಬಿ ಹತ್ತಿರ ಬಂದಿತ್ತು.

ಬೇಡವಾದದ್ದನ್ನು ಎತ್ತಿಹಾಕಲು ಬ್ರೌಸರ್ ಒಳಗೇ ಗಾರ್ಬೇಜ್ ಕಲೆಕ್ಟರ್ ಇರುತ್ತದೆ. ಆದರೆ ಮದುವೆ ಊಟದಲ್ಲಿ ಎಲೆ ಮೇಲೆ ಕೈ ಇಟ್ಟುಕೊಂಡು ಕೂತವರ ಎಲೆಯನ್ನು ಯಾರೂ ಎತ್ತುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಊಟ ಮುಗಿದಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಕೈ ಇದೆಯಾ ಅಂತ ಮಾತ್ರ ನೋಡುತ್ತದೆ.

ಆ ಕೈ ಯಾವುದು ಅಂತ ಹುಡುಕಲು ಎರಡು ದಿನ ಹಿಡಿಯಿತು. ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳ ಕಾಟ ಬೇಡವೆಂದು ಇನ್‌ಕಾಗ್ನಿಟೊ ಅನ್ನುವ ಖಾಸಗಿ ಕಿಟಕಿಯಲ್ಲಿ ಪುಟ ತೆರೆದೆ. ದರವನ್ನು ಒಮ್ಮೆ ತರಿಸಿ ಬಿಟ್ಟೆ. ಮೊದಲ ಸಲದ ಲೆಕ್ಕ ಹಿಡಿಯಬಾರದು, ಆಗ ಪುಟ ತನಗೆ ಬೇಕಾದ್ದನ್ನೆಲ್ಲ ತಂದಿಟ್ಟುಕೊಳ್ಳುತ್ತದೆ. ನಂತರ ಡೆವ್‌ಟೂಲ್ಸ್‌ನ (ಪುಟದ ಒಳಗನ್ನು ಪರೀಕ್ಷಿಸಲು ಕ್ರೋಮ್‌ನಲ್ಲೇ ಇರುವ ಸಲಕರಣೆ) ಮೆಮೊರಿ ಭಾಗದಲ್ಲಿ ಒಂದು ಹೀಪ್ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ಮೆಮೊರಿಯಲ್ಲಿ ಏನೇನಿದೆ ಅನ್ನುವ ಪಟ್ಟಿ, ತೆಗೆದೆ. 10 ಸಲ ದರ ತರಿಸಿ ಇನ್ನೊಂದು ತೆಗೆದೆ. ಎರಡನ್ನೂ ಹೋಲಿಸಿ, ಹುಡುಕುವ ಜಾಗದಲ್ಲಿ 'ಡಿಟ್ಯಾಚ್ಡ್' ಅಂತ ಟೈಪ್ ಮಾಡಿದರೆ, ಪುಟದಿಂದ ಕಿತ್ತುಹಾಕಿದ್ದ ಗ್ರಾಫ್‌ಗಳು ಸರಿಯಾಗಿ 10! ಕೆಳಗೆ 'ರಿಟೇನರ್ಸ್' ಅನ್ನುವಲ್ಲಿ ಅವನ್ನು ಹಿಡಿದುಕೊಂಡವರು ಯಾರೆಂದು ಸಿಕ್ಕಿತು. ಕಿಟಕಿಯ ಅಳತೆ ಬದಲಾದಾಗ ಗ್ರಾಫ್ ಹಿಗ್ಗಲಿ ಅಂತ ನಾನೇ ಬರೆದಿದ್ದ ಈವೆಂಟ್ ಲಿಸನರ್, ಅಂದರೆ ಆ ಬದಲಾವಣೆಗೆ ಕಾದು ಕೂರುವ ಕೋಡ್. ಪ್ರತಿ ಸಲ ಹೊಸ ಗ್ರಾಫ್, ಹೊಸ ಲಿಸನರ್. ಹಳೆಯದನ್ನು ನಾನು ತೆಗೆದೇ ಇರಲಿಲ್ಲ. 9ರಿಂದ 3ಕ್ಕೆ 720 ಗ್ರಾಫ್‌ಗಳು.

ತೆಗೆಯಲು ಬೇಕಾದದ್ದು ಒಂದೇ ಸಾಲಿನ ಕೋಡ್. ಆಮೇಲೂ ಸ್ವಲ್ಪ ಉಳಿದಿತ್ತು. ನೋಡಿದರೆ, ಪರೀಕ್ಷೆಗೆಂದು ಹಾಕಿದ್ದ ಕನ್ಸೋಲ್ ಲಾಗ್, ಅಂದರೆ ಡೆವ್‌ಟೂಲ್ಸ್‌ನಲ್ಲಿ ವಿವರ ಮುದ್ರಿಸುವ ಸಾಲು! ಡೆವ್‌ಟೂಲ್ಸ್ ತೆರೆದಿರುವಾಗ ಅಲ್ಲಿ ಮುದ್ರಿಸಿದ ವಸ್ತುಗಳೂ ಮೆಮೊರಿಯಲ್ಲೇ ಉಳಿಯುತ್ತವೆ. ಅರ್ಧ ದಿನ ಇದಕ್ಕೇ ಹೋಯಿತು.

ಇದು ಸಣ್ಣ ಊರಿನ ಸಣ್ಣ ಕೆಲಸಗಾರರ ತೊಂದರೆ ಮಾತ್ರ ಅಲ್ಲ. 2013ರ ಗೂಗಲ್ ಸಮ್ಮೇಳನದಲ್ಲಿ ಜಿಮೇಲ್‌ನಲ್ಲೂ ಹೀಗೇ ಬಿಡದೆ ಉಳಿದ ಮೆಮೊರಿಯನ್ನು (ಇದಕ್ಕೆ ಮೆಮೊರಿ ಸೋರಿಕೆ ಅನ್ನುತ್ತಾರೆ) ಹುಡುಕಿದ ಬಗೆಯನ್ನು ಅಲ್ಲಿಯ ಎಂಜಿನಿಯರ್‌ಗಳೇ ಹೇಳಿದ್ದರು. ಫೇಸ್‌ಬುಕ್‌ನ ಮೆಟಾ ಕಂಪನಿ 2022ರಲ್ಲಿ ಇಂಥ ಸೋರಿಕೆ ಹುಡುಕುವ ಮೆಮ್‌ಲ್ಯಾಬ್ ಎಂಬ ಉಪಕರಣವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಇಷ್ಟಿದ್ದೂ ನಾವು ಪುಟವನ್ನು ಎರಡು ನಿಮಿಷ ತೆರೆದು ನೋಡಿ 'ಆಯ್ತು' ಅನ್ನುತ್ತೇವೆ. ಟೋಕನ್ ಪರದೆ, ಬಿಲ್ಲಿಂಗ್ ಪುಟ, ಬಸ್ ವೇಳೆ ತೋರಿಸುವ ಫಲಕ ಎಲ್ಲವೂ ದಿನವಿಡೀ ತೆರೆದೇ ಇರುತ್ತವೆ. ಇಂಥ ಪುಟ ಮಾಡಿಸುವವರು ಕರಾರಿನಲ್ಲಿ ಒಂದು ಮಾತು ಸೇರಿಸಿ: 8 ಗಂಟೆ ತೆರೆದಿಟ್ಟು ಮೆಮೊರಿ ತೋರಿಸಿದ ಮೇಲೆಯೇ ಹಣ. ಮೆಮೊರಿ ಏರಿ ಇಳಿಯುವುದು ಸಹಜ, ಅದಕ್ಕೆ ಹೆದರಬೇಡಿ. ಇಳಿದಾಗಿನ ಅಂಕಿಯೂ ಗಂಟೆಗಂಟೆಗೂ ಮೇಲೆ ಹೋಗುತ್ತಿದ್ದರೆ ಕೇಳಿ.

ನಿಮ್ಮಲ್ಲಿ ಈಗಾಗಲೇ ಇಂಥ ಪುಟ ಇದ್ದರೆ, ನಾಳೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ. ಎರಡೂ ಅಂಕಿಗಳನ್ನು ಬರೆದಿಟ್ಟು, ಪುಟ ಮಾಡಿದವರಿಗೆ ಕಳಿಸಿ.

– ಒಬ್ಬ ವೆಬ್ ಡೆವಲಪರ್, ಶಿವಮೊಗ್ಗ