ಮಗಳಿಗೊಂದು ಪತ್ರ: ಕಮತಾರುವಿನ 44 ಗೋಲು

ಮುದ್ದಿನ ಪುಟ್ಟಿ,

ನಿನ್ನ ಮೆಸೇಜು ನೋಡಿದೆ. ಯುರೋಪಿನ ಫುಟ್‌ಬಾಲ್ ಲೀಗುಗಳ ಗೋಲಿನ ಸರದಾರನಿಗೆ ಕೊಡುವ ಚಿನ್ನದ ಬೂಟು ಗೆದ್ದವರ ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದೀಯ. 1987ರ ಸಾಲಿನಲ್ಲಿ 'ರೊದಿಯೊನ್ ಕಮತಾರು, ರೊಮೇನಿಯಾ, 44 ಗೋಲು' ಅಂತ ಇದೆ. ಹೆಸರೇ ಕೇಳಿಲ್ಲ, ಈ ಸಾಲನ್ನು ಅಳಿಸಿಬಿಡಲಾ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ 'ಮೀಟಿಂಗ್ ಇದೆ ಅಮ್ಮಾ' ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಅಳಿಸಬೇಡ. ಹಾಗಂತ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬಲೂ ಬೇಡ. ಬ್ಯಾಂಕಿನಲ್ಲಿ ಆಡಿಟ್ ಕೆಲಸ ಮಾಡಿದವಳು ನಾನು. ಒಂದು ಅಂಕಿ ಉಳಿದವಕ್ಕಿಂತ ಎದ್ದು ಕಂಡರೆ ಮೊದಲು ಅದರ ಹಿಂದಿನ ಪುಟಗಳನ್ನು ತಿರುವಿ ನೋಡುವುದು ನನ್ನ ಅಭ್ಯಾಸ. ಕಮತಾರುವಿನ ವಿಷಯದಲ್ಲಿ ಹಿಂದಿನ ಪುಟಗಳೇ ಚೆನ್ನಾಗಿವೆ.

ಅವನು ಹುಟ್ಟಿದ್ದು 1958ರಲ್ಲಿ, ರೊಮೇನಿಯಾದ ನೈರುತ್ಯ ಮೂಲೆಯ ಸ್ಟ್ರೆಹಾಯಾ ಅನ್ನುವ ಸಣ್ಣ ಪಟ್ಟಣದಲ್ಲಿ. ಆ ಕಡೆಯ ಸೀಮೆಗೆ ಓಲ್ಟೇನಿಯಾ ಅಂತ ಹೆಸರು. ಅದರ ದೊಡ್ಡ ಊರು ಕ್ರಾಯೋವಾ. ಹದಿಹರೆಯದಲ್ಲೇ ಅಲ್ಲಿನ ಯೂನಿವರ್ಸಿಟಾಟೆಯಾ ಕ್ರಾಯೋವಾ ತಂಡ ಸೇರಿಕೊಂಡ. ಹೆಸರೇ ಹೇಳುವ ಹಾಗೆ ಅದು ವಿದ್ಯಾರ್ಥಿಗಳ ತಂಡ. ರಾಜಧಾನಿ ಬುಕಾರೆಸ್ಟಿನಲ್ಲಿ ಎರಡು ದೈತ್ಯ ತಂಡಗಳಿದ್ದವು. ಸ್ಟೆಯಾವಾ ಸೈನ್ಯದ್ದು. ಡಿನಾಮೊ ಗೃಹ ಸಚಿವಾಲಯದ್ದು, ಅಂದರೆ ಪೊಲೀಸರದ್ದು, ಗುಪ್ತ ಪೊಲೀಸ್ ಪಡೆ ಸೆಕ್ಯುರಿಟಾಟೆಯದ್ದು. ಇವೆರಡರ ಮಧ್ಯೆ ಒಂದು ಪ್ರಾಂತ್ಯದ ಕಾಲೇಜು ಹುಡುಗರ ತಂಡ ತಲೆಯೆತ್ತಿ ನಿಲ್ಲುವುದೇ ಆಶ್ಚರ್ಯ. ಇವರು ನಿಂತರು.

1980ರಲ್ಲಿ ಲೀಗ್ ಗೆದ್ದರು, 1981ರಲ್ಲಿ ಮತ್ತೆ ಗೆದ್ದರು. 1977ರಿಂದ 1983ರೊಳಗೆ ನಾಲ್ಕು ಸಲ ರೊಮೇನಿಯಾ ಕಪ್ ತಂದರು. ಆ ತಂಡವನ್ನು ಅಲ್ಲಿಯವರು ಈಗಲೂ 'ಕ್ರಾಯೋವಾ ಮ್ಯಾಕ್ಸಿಮಾ' ಅಂತಾರೆ. ಇಲಿಯೆ ಬಲಾಚ್ ಅಂತ ಹೊಂಬಣ್ಣದ ಕೂದಲಿನ ಮಿಡ್‌ಫೀಲ್ಡರ್ ಇದ್ದ. ಚೆಂಡು ಅವನ ಮಾತು ಕೇಳುತ್ತಿತ್ತು. ಹಿಂದೆ ಸ್ಟೆಫಾನೆಸ್ಕು, ಗೋಲಿನಲ್ಲಿ ಸಿಲ್ವಿಯು ಲುಂಗ್, ಪಕ್ಕದಲ್ಲಿ ಓಡುವುದಕ್ಕೆ ಕ್ರಿಷಾನ್. ಮುಂದೆ ನಿಂತವನು ನಮ್ಮ ಕಮತಾರು. ಎತ್ತರದ ಆಳು, ಗಟ್ಟಿ ಮೈಕಟ್ಟು, ತಲೆಯಿಂದ ಹೊಡೆಯುವುದರಲ್ಲಿ ಪಳಗಿದವನು. ಇಂಥ ಆಟಗಾರನ ಅರ್ಧ ಕೆಲಸ ಅಂಕಿಯಲ್ಲಿ ಕಾಣುವುದೇ ಇಲ್ಲ. ಇಬ್ಬರು ಡಿಫೆಂಡರುಗಳನ್ನು ತನ್ನ ಮೈಮೇಲೆ ಹಾಕಿಕೊಂಡು ಬಲಾಚ್‌ಗೆ ಜಾಗ ಬಿಡಿಸಿಕೊಟ್ಟರೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀಯ, ಹೇಳು?

ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಊರಲ್ಲೊಂದು ಹೊರಗೊಂದು ಪಂದ್ಯ ಆಡುವ ಯುಇಎಫ್‌ಎ ಕಪ್, ಅದರ 1982–83ರ ಸೀಸನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮೊದಲ ಸುತ್ತಿನಲ್ಲೇ ಇಟಲಿಯ ಫಿಯೊರೆಂಟೀನಾ. ಆ ಬೇಸಿಗೆಯಲ್ಲಷ್ಟೇ ಇಟಲಿ ವಿಶ್ವಕಪ್ ಗೆದ್ದಿತ್ತು. ಕ್ರಾಯೋವಾ ಮನೆಯಂಗಳದಲ್ಲಿ 3–1 ಗೆದ್ದು, ಅಲ್ಲಿ 0–1 ಸೋತು ದಾಟಿಕೊಂಡಿತು. ಆಮೇಲೆ ಐರ್ಲೆಂಡಿನ ಶ್ಯಾಮ್ರಾಕ್ ರೋವರ್ಸ್, ಅದು ಸುಲಭ. ಫ್ರಾನ್ಸಿನ ಬೋರ್ಡೊದಲ್ಲಿ ಒಂದು ಗೋಲಿನಿಂದ ಸೋತು ಬಂದು, ಊರಿನಲ್ಲಿ ಹೆಚ್ಚುವರಿ ಸಮಯದವರೆಗೆ ಎಳೆದು 2–0 ಮಾಡಿದರು. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್. ಅಲ್ಲಿ 2–3 ಸೋಲು, ಇಲ್ಲಿ 1–0 ಗೆಲುವು. ಒಟ್ಟು ಗೋಲು ಸಮವಾದರೆ ಹೊರ ಊರಿನಲ್ಲಿ ಹೆಚ್ಚು ಗೋಲು ಹೊಡೆದವರು ಗೆದ್ದ ಹಾಗೆ, ಆ ಲೆಕ್ಕದಲ್ಲಿ ಮುಂದಕ್ಕೆ. ಸೆಮಿಫೈನಲ್‌ನಲ್ಲಿ ಪೋರ್ಚುಗಲ್ಲಿನ ಬೆನ್ಫಿಕಾ. ಲಿಸ್ಬನ್ನಿನಲ್ಲಿ 0–0, ಕ್ರಾಯೋವಾದಲ್ಲಿ 1–1. ಈ ಸಲ ಅದೇ ಹೊರ ಊರಿನ ಗೋಲಿನ ನಿಯಮ ಇವರ ಕೊರಳಿಗೆ ಬಿತ್ತು. ಬೆನ್ಫಿಕಾ ವಿರುದ್ಧ ಒಂದೂ ಪಂದ್ಯ ಸೋಲದೆ ಹೊರಗೆ ಬಂದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ ಅಂದರೆ ನಿಮ್ಮಪ್ಪ ನಗುತ್ತಾರೆ.

ಮರುವರ್ಷ ರೊಮೇನಿಯಾ 1984ರ ಯುರೋ ಕಪ್ಪಿಗೂ ಹೋಯಿತು. ಅರ್ಹತಾ ಗುಂಪಿನಲ್ಲಿ ವಿಶ್ವ ಚಾಂಪಿಯನ್ ಇಟಲಿಯನ್ನೇ ಹಿಂದೆ ಹಾಕಿ ಹೋಗಿದ್ದು. ಫ್ರಾನ್ಸಿನಲ್ಲಿ ಸ್ಪೇನ್ ಜೊತೆ ಡ್ರಾ, ಜರ್ಮನಿ ಮತ್ತು ಪೋರ್ಚುಗಲ್ ಎದುರು ಒಂದೊಂದೇ ಗೋಲಿನ ಸೋಲು. ಆ ತಂಡದಲ್ಲೂ ಕಮತಾರು ಇದ್ದ.

ಇಷ್ಟೆಲ್ಲ ಆಗುತ್ತಿದ್ದಾಗ ದೇಶದ ಗತಿ ಹೇಗಿತ್ತು ಅಂತ ನಿನಗೆ ಗೊತ್ತಿರಲಿ. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು 1965ರಿಂದ ಆಳುತ್ತಿದ್ದ. ವಿದೇಶಿ ಸಾಲವನ್ನೆಲ್ಲ ತೀರಿಸುತ್ತೇನೆ ಅಂತ ಹಟ ಹಿಡಿದು, ಬೆಳೆದ ಆಹಾರವನ್ನು ಹೊರದೇಶಕ್ಕೆ ಮಾರಿದ. ಬ್ರೆಡ್ಡಿಗೂ ಎಣ್ಣೆಗೂ ರೇಷನ್. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಶಾಖವಿಲ್ಲ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಟಿ.ವಿ. ದಿನಕ್ಕೆ ಎರಡು ಗಂಟೆಯಷ್ಟೆ, ಅದರಲ್ಲೂ ಹೆಚ್ಚಿನ ಪಾಲು ಅವನದೇ ಮುಖ. ಫುಟ್‌ಬಾಲ್ ನೋಡಬೇಕೆಂದರೆ ದಕ್ಷಿಣದ ಜನ ಆಂಟೆನಾ ತಿರುಗಿಸಿ ಬಲ್ಗೇರಿಯಾದ ಟಿ.ವಿ. ಹಿಡಿಯುತ್ತಿದ್ದರು. ಇಂಥ ಊರಿನವರಿಗೆ ಭಾನುವಾರದ ಆಟ ಏನಾಗಿತ್ತು ಅಂತ ನಾನು ವಿವರಿಸಬೇಕಿಲ್ಲ.

ಆಟವನ್ನು ಅಧಿಕಾರ ಸುಮ್ನೆ ಬಿಟ್ಟಿತ್ತಾ? ಇಲ್ಲ. ಚೌಷೆಸ್ಕು ಹುಟ್ಟಿದ ಹಳ್ಳಿ ಸ್ಕೊರ್ನಿಚೆಷ್ಟ್. ಅದಕ್ಕೂ ಒಂದು ತಂಡ. 1978ರಲ್ಲಿ ಕೆಳಗಿನ ಡಿವಿಷನ್ನಿನಿಂದ ಮೇಲೆ ಬರಬೇಕಾದರೆ ಗೋಲಿನ ವ್ಯತ್ಯಾಸದಲ್ಲಿ ಮುಂದಿರಬೇಕಿತ್ತು. ಕೊನೆಯ ಪಂದ್ಯವನ್ನು 18–0 ಗೆದ್ದರು. ಹದಿನೆಂಟು! ಅದರ ಮರುವರ್ಷ ದೇಶದ ಮೊದಲ ದರ್ಜೆಯ ಲೀಗಿಗೇ ಬಂದು ಕೂತರು. ನಿನ್ನ ಸಾಫ್ಟ್‌ವೇರ್ ಅದನ್ನು ದೊಡ್ಡ ಗೆಲುವು ಅಂತ ತಾನೇ ಗುರುತು ಹಾಕುತ್ತದೆ?

ಈಗ ನಿನ್ನ 44ಕ್ಕೆ ಬರೋಣ. 1986ರ ಮೇನಲ್ಲಿ ಸ್ಟೆಯಾವಾ ಸೆವಿಲ್‌ನಲ್ಲಿ ಬಾರ್ಸಿಲೋನಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಯುರೋಪಿಯನ್ ಕಪ್ ಎತ್ತಿತು. ಕಮ್ಯುನಿಸ್ಟ್ ದೇಶವೊಂದಕ್ಕೆ ಆ ಕಪ್ ಅದೇ ಮೊದಲು. ಚೌಷೆಸ್ಕುವಿನ ಮಗ ವ್ಯಾಲೆಂಟಿನ್ ಆ ತಂಡದ ಬೆನ್ನಿಗಿದ್ದ. ಸೈನ್ಯದವರ ಮನೆಯಲ್ಲಿ ಹಬ್ಬ, ಪೊಲೀಸರ ಮನೆಯಲ್ಲಿ ಮುಖ ಸಣ್ಣ. ಅದೇ ವರ್ಷ ಕಮತಾರು ಕ್ರಾಯೋವಾ ಬಿಟ್ಟು ಡಿನಾಮೊಗೆ ಬಂದ. 1986–87ರ ಲೀಗಿನಲ್ಲಿ ಸ್ಟೆಯಾವಾ ಒಂದೂ ಪಂದ್ಯ ಸೋಲಲಿಲ್ಲ. ಸಾಲದ್ದಕ್ಕೆ ಇನ್ನೊಂದು ತಂಡದ ಪ್ರತಿಭಾವಂತ ಆಟಗಾರ ಹಾಜಿಯನ್ನು, ಯುರೋಪಿಯನ್ ಸೂಪರ್ ಕಪ್ಪಿನ ಒಂದೇ ಪಂದ್ಯಕ್ಕೆ ಅಂತ ಕರೆತಂದು, ವಾಪಸು ಕಳಿಸಲೇ ಇಲ್ಲ. ಪ್ರಶಸ್ತಿ ಡಿನಾಮೊ ಕೈಗೆ ಸಿಗುವ ಹಾಗಿರಲಿಲ್ಲ. ಸಿಗಬಹುದಾಗಿದ್ದದ್ದು ಒಂದೇ, ಚಿನ್ನದ ಬೂಟು.

ಆಸ್ಟ್ರಿಯಾ ವಿಯೆನ್ನಾದ ಟೋನಿ ಪೋಲ್ಸ್ಟರ್ 39 ಗೋಲು ಹೊಡೆದು ಮುಂದಿದ್ದ. ಸೀಸನ್ನಿನ ಕೊನೆಯ ಕೆಲವು ವಾರಗಳಲ್ಲಿ ಕಮತಾರುವಿನ ಗೋಲುಗಳು ಪಂದ್ಯಕ್ಕೆ ಮೂರರಂತೆ ಸುರಿದವು. ಕೊನೆಗೆ 44. ಎದುರಾಳಿಗಳು ದಾರಿ ಬಿಟ್ಟುಕೊಟ್ಟರು ಅನ್ನುವ ಮಾತು ಆಗಲೇ ಯುರೋಪಿನಲ್ಲೆಲ್ಲ ಎದ್ದಿತ್ತು. ಬೂಟು ಕೊಡುತ್ತಿದ್ದ 'ಫ್ರಾನ್ಸ್ ಫುಟ್‌ಬಾಲ್' ಪತ್ರಿಕೆ ಮೊದಲು ಕಮತಾರುವಿಗೇ ಕೊಟ್ಟಿತು. 1989ರ ಡಿಸೆಂಬರಿನಲ್ಲಿ ಚೌಷೆಸ್ಕು ಉರುಳಿದ ಮೇಲೆ, 1990ರಲ್ಲಿ, ಪೋಲ್ಸ್ಟರನಿಗೂ ಒಂದು ಚಿನ್ನದ ಬೂಟು ಕೊಟ್ಟಿತು. ಕಮತಾರುವಿನ ಬೂಟನ್ನು ವಾಪಸು ಕೇಳಲಿಲ್ಲ.

ನಾನು ಆಡಿಟ್ ಮಾಡುವುದಾದರೆ ಹೀಗೆ ಮಾಡುತ್ತೇನೆ. ಬುಕಾರೆಸ್ಟಿನ ಮಂತ್ರಿಗಳ ಕೈ ತಲುಪದ ಜಾಗದಲ್ಲಿ ಅವನು ಎಷ್ಟು ಹೊಡೆದ ಅಂತ ನೋಡುತ್ತೇನೆ. ದೇಶದ ಪರವಾಗಿ 73 ಪಂದ್ಯ ಆಡಿ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಗೋಲು. ಮೂರ್ನಾಲ್ಕು ಪಂದ್ಯಕ್ಕೆ ಒಂದು. ಒಳ್ಳೆಯ ಸ್ಟ್ರೈಕರಿನ ಲೆಕ್ಕ ಅದು, ಅದರಲ್ಲಿ ಮೋಸವಿಲ್ಲ. ಕ್ರಾಯೋವಾದಲ್ಲಿ ಒಂದು ಸೀಸನ್ನಿನಲ್ಲೂ ಅವನು 30 ಮುಟ್ಟಿರಲಿಲ್ಲ. ಅಂಥವನು ಇಪ್ಪತ್ತೆಂಟರ ವಯಸ್ಸಿನಲ್ಲಿ 34 ಸುತ್ತಿನ ಲೀಗಿನಲ್ಲಿ 44 ಹೊಡೆಯುತ್ತಾನೆ ಅಂದರೆ, ಪುಟ್ಟಿ, ಆ ಹೆಚ್ಚುವರಿ ಗೋಲುಗಳನ್ನು ಅವನೊಬ್ಬನ ಖಾತೆಗೆ ಬರೆಯಬೇಕಾ, ಸಚಿವಾಲಯದ ಖಾತೆಗೆ ಬರೆಯಬೇಕಾ? ನನ್ನ ಅನುಮಾನ ಎರಡನೆಯದರ ಕಡೆಗೇ ವಾಲುತ್ತದೆ. ಅವನು ಬೇಡ ಅನ್ನಬಹುದಿತ್ತಲ್ಲ ಅಂತ ನೀನು ಕೇಳುತ್ತೀಯ, ಗೊತ್ತು. ಡಿನಾಮೊದವರು ಹೆಸರಿಗೆ ಗೃಹ ಸಚಿವಾಲಯದ ನೌಕರರು. ಮೇಲಿನವರು ಗೋಲು ಬೇಕು ಅಂದಾಗ ಒಬ್ಬ ಆಟಗಾರ 'ನನಗೆ ಬೇಡ ಸಾರ್' ಅನ್ನುವ ದೇಶವಲ್ಲ ಅದು. ಆಗದು ಅಂದವರಿಗೆ ಇದ್ದ ದಾರಿ ಓಡಿಹೋಗುವುದು. ಸ್ಟೆಯಾವಾದ ರದುಕಾನು 1981ರಲ್ಲಿ ಜರ್ಮನಿಯಲ್ಲಿ ಉಳಿದುಬಿಟ್ಟ. ಬೆಲೊದೆದಿಚ್ 1988ರಲ್ಲಿ ಯುಗೊಸ್ಲಾವಿಯಾಕ್ಕೆ ಹೋದ. ಅವನಿಲ್ಲದಾಗಲೇ ಅಲ್ಲಿ ಕೋರ್ಟು ಅವನಿಗೆ ಜೈಲು ಶಿಕ್ಷೆ ಬರೆಯಿತು.

ಹಾಗಾದರೆ ರೊಮೇನಿಯಾದ ಹಳೆಯ ಅಂಕಿಗಳೆಲ್ಲ ಸುಳ್ಳಾ ಅಂದರೆ, ಅಷ್ಟು ಸಲೀಸಾಗಿ ಹೇಳಬೇಡ. ಅದೇ ಡಿನಾಮೊದ ದುದು ಜಾರ್ಜೆಸ್ಕು 1975ರಲ್ಲಿ 33, 1977ರಲ್ಲಿ 47 ಗೋಲು ಹೊಡೆದು ಎರಡು ಸಲ ಬೂಟು ಗೆದ್ದ. ಲೀಗಿನಲ್ಲಿ ಒಟ್ಟು 252. ಆ ದೇಶದ ದಾಖಲೆ ಈಗಲೂ ಅವನದೇ. 47 ಕೂಡ ಎತ್ತರದ ಅಂಕಿಯೇ, ಆದರೆ ಅವನ ಹಿಂದೆಮುಂದಿನ ವರ್ಷಗಳನ್ನು ನೋಡು, ಅವೂ ಎತ್ತರವೇ. ಕಮತಾರುವಿನ ಸಾಲಿನ ಹಾಗೆ ಒಂಟಿಯಾಗಿ ನಿಂತಿಲ್ಲ. 1989ರಲ್ಲಿ ಡಿನಾಮೊದ ಇನ್ನೊಬ್ಬ, ದೊರಿನ್ ಮಾತೆಯುತ್, 43 ಹೊಡೆದು ಬೂಟು ಗೆದ್ದ. ಅವನು ಮಿಡ್‌ಫೀಲ್ಡರ್! ಅಲ್ಲಿಯೂ ನಿನ್ನ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆ. 1991ರಲ್ಲಂತೂ ಸೈಪ್ರಸ್ಸಿನಲ್ಲಿ ಒಬ್ಬನಿಗೆ 40 ಗೋಲು ಅಂತ ಲೆಕ್ಕ ಎದ್ದಿತು. ಆ ದೇಶದ ಅಧಿಕೃತ ಪಟ್ಟಿಯಲ್ಲಿ ಮೊದಲಿಗರದು ಬರೀ 19. ಪತ್ರಿಕೆಯವರಿಗೆ ಸಾಕಾಗಿ ಬೂಟು ಕೊಡುವುದನ್ನೇ ನಿಲ್ಲಿಸಿದರು. 1996–97ರಿಂದ ಲೀಗಿನ ತೂಕ ನೋಡಿ ಪಾಯಿಂಟ್ ಕೊಡುವ ಪದ್ಧತಿ ಬಂತು. ನೀನು ದಿನಾ ಬಳಸುವುದು ಅದೇ.

ಕಮತಾರುವಿಗೆ ಹೊರಗೆ ಹೋಗಲು ದಾರಿ ಸಿಕ್ಕಿದ್ದು 1989ರಲ್ಲಿ, ಮೂವತ್ತು ದಾಟಿದ ಮೇಲೆ. ಬೆಲ್ಜಿಯಮ್ಮಿನ ಶಾರ್ಲರುವಾ, ಆಮೇಲೆ ನೆದರ್‌ಲೆಂಡ್ಸಿನ ಹೀರೆನ್ವೇನ್. 1990ರ ವಿಶ್ವಕಪ್ ತಂಡದಲ್ಲೂ ಹೆಸರಿತ್ತು. ಆ ಟೂರ್ನಿಯನ್ನು ನಾನು ದೂರದರ್ಶನದಲ್ಲಿ ನೋಡಿದ್ದೆ. ಜಿನೋವಾದಲ್ಲಿ ಐರ್ಲೆಂಡ್ ವಿರುದ್ಧ ಪೆನಾಲ್ಟಿಯಲ್ಲಿ ಸೋತರು. ಎಲ್ಲರ ಕಣ್ಣೂ ಹಾಜಿಯ ಮೇಲೇ ಇತ್ತು ಬಿಡು. ಕ್ರಾಯೋವಾದ ಕಾಲದಲ್ಲಿ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯದಲ್ಲಿ ಹೊರಗೆ ಆಡಲು ಬಿಟ್ಟಿದ್ದರೆ ಅವನ ಹೆಸರಿನ ಪಕ್ಕ ಬೇರೆ ಯಾವುದೋ ಅಂಕಿ ಇರುತ್ತಿತ್ತು. 44ಕ್ಕಿಂತ ಸಣ್ಣದಿರಬಹುದು, ಆದರೆ ಯಾರೂ ಅದನ್ನು ಕೆಣಕುತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಫಿಯೊರೆಂಟೀನಾವನ್ನು ಸೋಲಿಸಿದ ತಂಡದ ಮುಂದಾಳನ್ನು ಜಗತ್ತು ಈಗ 'ಆ ಬೂಟಿನ ರಗಳೆಯವನು' ಅಂತ ನೆನಪಿಟ್ಟಿದೆ. ಪೋಲ್ಸ್ಟರನಿಗೆ ಅವನ ಬೂಟು ಸಿಕ್ಕಿತು. ಇವನ ಮರ್ಯಾದೆಗೆ ಆದ ನಷ್ಟವನ್ನು ಯಾರು ತುಂಬಿಕೊಟ್ಟರು?

ಆದ್ದರಿಂದ ನಿನ್ನ ಪಟ್ಟಿಯಲ್ಲಿ 1987ರ ಸಾಲು ಇರಲಿ. ಪಕ್ಕದಲ್ಲೇ ಪೋಲ್ಸ್ಟರ್, 39 ಅಂತ ಇನ್ನೊಂದು ಸಾಲು ಹಾಕು. 44ಕ್ಕೆ ಒಂದು ನಕ್ಷತ್ರ ಗುರುತು ಹಾಕಿ ಕೆಳಗೆ ಕಾರಣ ಬರಿ. ಸರಾಸರಿ ತೆಗೆಯುವಾಗ ಆ ಸಾಲನ್ನು ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ಮಾಡು, ಎರಡನ್ನೂ ತೋರಿಸು. ಬಿಡುವಾದಾಗ ಕ್ರಾಯೋವಾದ 1982–83ರ ಆಟ ಎಲ್ಲಾದರೂ ಸಿಕ್ಕರೆ ಹುಡುಕಿ ನನಗೂ ಕಳಿಸು. ಚಿತ್ರ ಮಸುಕಾಗಿದ್ದರೂ ಪರವಾಗಿಲ್ಲ.

ಅಪ್ಪನ ಮಂಡಿ ನೋವು ಈಗ ಕಡಿಮೆ. ರಾತ್ರಿ ಊಟ ಬಿಡಬೇಡ.

ನಿನ್ನ
ಅಮ್ಮ