ಮೊದಲು ಮನೆಯಲ್ಲಿ ಕ್ಷಮೆ ಕೇಳು, ಮಗನೇ

ಪ್ರೀತಿಯ ಮಗನಿಗೆ,

ನಮ್ಮ ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ನಿನ್ನ ದೊಡ್ಡಮ್ಮನ ವಂದನೆ, ಆಶೀರ್ವಾದ.

ನಿನ್ನ ಪತ್ರ ಕೈ ಸೇರಿತು. ನಿಧಾನವಾಗಿ ಓದಿದೆ. ಸುತ್ತಿ ಬಳಸದೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ದೀಕ್ಷಾಸ್ನಾನವಾದ ಮೇಲೆ ಎಲ್ಲರೂ ನಿನ್ನನ್ನು ಬದಲಾದ ಮನುಷ್ಯ ಅಂದರು. ಯುವಕರ ಕೂಟದ ಜವಾಬ್ದಾರಿಯನ್ನೂ ಕೊಟ್ಟರು. ಈಗ ಹಳೇ ಸಿಟ್ಟು ಮತ್ತೆ ಎದ್ದು, ಮಕ್ಕಳ ಎದುರಿಗೇ ಹೆಂಡತಿಯನ್ನು ಬಾಯಿಗೆ ಬಂದ ಹಾಗೆ ಬೈದೆ ಅಂತ ಬರೆದಿದ್ದೀಯ. ಸಭೆಯವರಿಗೆ ಗೊತ್ತಾದರೆ ಏನಂದುಕೊಳ್ಳುತ್ತಾರೆ, ಹುಡುಗರ ಮುಂದೆ ಸತ್ಯವೇದ ಹಿಡಿದು ಹೇಗೆ ನಿಲ್ಲಲಿ, ಕಾಪಾಡಿಕೊಂಡು ಬಂದ ಸಾಕ್ಷಿ ಮಣ್ಣುಪಾಲಾಯಿತಲ್ಲ ಎಂದೇ ಪುಟಗಳು ತುಂಬಿವೆ. ಅವಳು ಅತ್ತಳು ಎನ್ನುವುದಕ್ಕೆ ಒಂದೇ ಸಾಲು. ಅದರ ಬೆನ್ನಿಗೇ ‘ಅವಳೂ ಸುಮ್ಮನಿರಬಹುದಿತ್ತು’ ಅಂತ ಸೇರಿಸಿದ್ದೀಯ.

ನೀನು ಸಿಟ್ಟು ಮಾಡಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಹೆದರಿಸಿತು.

ಸಿಟ್ಟು ನಿನ್ನ ಹಳೇ ಅಭ್ಯಾಸ, ನಿಜ. ಆದರೆ ಅದಕ್ಕೆ ಕಾವಲು ನಿಂತಿರುವುದು ಅಹಂಕಾರ. ಯಾರಿಗೂ ಗೊತ್ತಾಗಬಾರದು ಎನ್ನುವವನು ಯಾರ ಹತ್ತಿರವೂ ಸಹಾಯ ಕೇಳಲಾರ. ತಪ್ಪಿನಲ್ಲಿ ಇನ್ನೊಬ್ಬರಿಗೂ ಪಾಲು ಹಂಚುವವನು ಮನಸಾರೆ ಕ್ಷಮೆ ಬೇಡಲಾರ. ಹೀಗೆ ಒಳಗೇ ಮುಚ್ಚಿಟ್ಟರೆ ಸಿಟ್ಟಿಗೆ ಅದಕ್ಕಿಂತ ಸುರಕ್ಷಿತ ಜಾಗ ಬೇರೆ ಬೇಕೇ? ನೀನು ಸಿಟ್ಟಿನ ಜೊತೆ ಮಾತ್ರ ಹೋರಾಡುತ್ತಿದ್ದೀಯ, ಅದನ್ನು ಸಾಕುತ್ತಿರುವವನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೀಯ.

ದುಃಖವೆಲ್ಲ ಒಂದೇ ಜಾತಿಯದಲ್ಲ. ದೇವರ ಚಿತ್ತಕ್ಕೆ ಒಪ್ಪುವ ದುಃಖ ಒಂದು, ಲೋಕದ ದುಃಖ ಇನ್ನೊಂದು ಅಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ನನ್ನ ಹೆಸರು ಕೆಟ್ಟಿತಲ್ಲ ಎನ್ನುವ ಅಳು, ಅವಳ ಮನಸ್ಸು ನೋಯಿಸಿದೆನಲ್ಲ, ದೇವರಿಗೆ ದ್ರೋಹ ಮಾಡಿದೆನಲ್ಲ ಎನ್ನುವ ಅಳು, ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲೂ ನಿದ್ದೆ ಬರುವುದಿಲ್ಲ, ಎರಡರಲ್ಲೂ ಮೊಣಕಾಲೂರುತ್ತೇವೆ. ಮೊದಲನೆಯದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ ಎಂದು ಖಾತ್ರಿಯಾದ ತಕ್ಷಣ ಒಣಗಿಹೋಗುತ್ತದೆ.

ಈಗ ನೀನು ಮಾಡಬೇಕೆಂದಿರುವ 40 ದಿನದ ಉಪವಾಸದ ಮಾತಿಗೆ ಬರುತ್ತೇನೆ. ಉಪವಾಸವನ್ನು ಹಗುರವಾಗಿ ಕಾಣುವವಳು ನಾನಲ್ಲ. ಆದರೆ ನಿನ್ನ ಯೋಚನೆ ಓದುತ್ತಿದ್ದ ಹಾಗೆ ಅರಸುಗಳ ಎರಡನೆಯ ಪುಸ್ತಕದ 5ನೆಯ ಅಧ್ಯಾಯದ ನಾಮಾನ ನೆನಪಾದ. ಅವನು ಅರಾಮ್ ರಾಜನ ಸೇನಾಪತಿ, ಗೆದ್ದು ಬಂದವನು, ರಾಜನಿಗೆ ಬೇಕಾದವನು. ಮೈಯಲ್ಲಿ ಮಾತ್ರ ಕುಷ್ಠ. ಅವನಿಗೆ ದಾರಿ ತೋರಿಸಿದವಳು ಯಾರು? ಇಸ್ರಾಯೇಲಿನಿಂದ ಸೆರೆ ಹಿಡಿದು ತಂದಿದ್ದ ಒಬ್ಬ ಹುಡುಗಿ, ಅವನ ಹೆಂಡತಿಯ ದಾಸಿ. ಬೆಳ್ಳಿ, ಬಂಗಾರ, 10 ದುಸ್ತು ಬಟ್ಟೆ ಹೊರಿಸಿಕೊಂಡು, ಕುದುರೆ ರಥಗಳ ಸಮೇತ ಇಸ್ರಾಯೇಲಿನ ಪ್ರವಾದಿ ಎಲೀಷನ ಬಾಗಿಲಿಗೆ ಹೋಗಿ ನಿಂತ. ಎಲೀಷ ಹೊರಗೆ ಬಂದು ಮುಖ ಕೂಡ ತೋರಿಸಲಿಲ್ಲ. ಆಳಿನ ಕೈಯಲ್ಲಿ ಒಂದು ಮಾತು ಹೇಳಿ ಕಳಿಸಿದ: ಯೊರ್ದನ್ ಹೊಳೆಯಲ್ಲಿ 7 ಸಾರಿ ಮುಳುಗೇಳು, ಅಷ್ಟೆ.

ನಾಮಾನನಿಗೆ ಎಷ್ಟು ಕೋಪ ಬಂತು! ‘ಅವನೇ ಬಂದು ನನ್ನ ಮುಂದೆ ನಿಂತು ತನ್ನ ದೇವರ ಹೆಸರೆತ್ತಿ, ಕೈ ಆಡಿಸಿ ವಾಸಿ ಮಾಡುತ್ತಾನೆ ಅಂದುಕೊಂಡಿದ್ದೆ, ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇಸ್ರಾಯೇಲಿನ ನೀರಿಗಿಂತ ಒಳ್ಳೆಯವಲ್ಲವೇ’ ಎನ್ನುವುದು ಅವನ ವಾದ. ವಾಸಿಯಾಗಲೆಂದೇ ಅಷ್ಟು ದೂರ ಬಂದವನು ಬೆನ್ನು ತಿರುಗಿಸಿ ಹೊರಟೇಬಿಟ್ಟ. ಆಗ ಅವನ ಸೇವಕರು ಹತ್ತಿರ ಬಂದು ಹೇಳಿದ ಮಾತನ್ನು ನೀನು ಚೆನ್ನಾಗಿ ಮನಸ್ಸಿಗೆ ತೆಗೆದುಕೊಳ್ಳಬೇಕು: ಪ್ರವಾದಿ ಏನಾದರೂ ದೊಡ್ಡ ಕೆಲಸ ಹೇಳಿದ್ದರೆ ನೀನು ಮಾಡುತ್ತಿರಲಿಲ್ಲವೇ?

ಖಂಡಿತ ಮಾಡುತ್ತಿದ್ದ. ದೊಡ್ಡ ಕೆಲಸದಲ್ಲಿ ನಾಮಾನ ನಾಮಾನನಾಗಿಯೇ ಉಳಿಯಬಹುದಿತ್ತು. ಹೊಳೆಗೆ ಇಳಿಯಬೇಕಾದರೆ ಬಟ್ಟೆ ಬಿಚ್ಚಬೇಕು, ಮುಚ್ಚಿಟ್ಟ ಮೈಯನ್ನು ಆಳುಗಳ ಎದುರಿಗೆ ತೋರಿಸಬೇಕು. ನಿನ್ನ 40 ದಿನದ ಉಪವಾಸವೂ ನಿನ್ನ ಹಳೇ ಮಾನಕ್ಕೆ ಸರಿಹೋಗುವ ದೊಡ್ಡ ಕೆಲಸ ಅಂತ ನನಗೆ ತೋರುತ್ತದೆ. ನಿನಗೆ ಹೇಳಿರುವುದು ಸಣ್ಣದು. ಯಾವ ಮಕ್ಕಳ ಎದುರಿಗೆ ಬೈದೆಯೋ ಅದೇ ಮಕ್ಕಳ ಎದುರಿಗೆ ಹೆಂಡತಿಯ ಹತ್ತಿರ ಹೋಗಿ ‘ನಾನು ನಿನ್ನನ್ನು ಹೀಗೆ ಬೈದೆ, ಅದು ಪಾಪ, ನನ್ನನ್ನು ಕ್ಷಮಿಸು’ ಅನ್ನಬೇಕು. ‘ಆದರೆ’ ಅಂತ ಬಾಯಿಗೆ ಬಂದರೆ ಅಲ್ಲೇ ನುಂಗು. ‘ನಿನಗೆ ನೋವಾಗಿದ್ದರೆ’ ಅಂತಲೂ ಅನ್ನಬೇಡ, ನೋವಾಗಿದೆ. ಅವಳು ಆ ಕ್ಷಣಕ್ಕೆ ಒಲಿಯದಿದ್ದರೆ ಅದನ್ನೂ ತಡೆದುಕೋ. ಕ್ಷಮೆ ಕೇಳಿದ ಮೇಲೆ ಇಂತಿಷ್ಟು ಹೊತ್ತಿನಲ್ಲಿ ಕೊಡಲೇಬೇಕು ಅಂತ ಕಾಯುವುದು ಮತ್ತೊಂದು ಜಬರದಸ್ತು. ಬಲಿಪೀಠದ ಹತ್ತಿರ ಕಾಣಿಕೆ ತಂದಾಗ ಸಹೋದರನ ಮನಸ್ಸು ನಿನ್ನ ಮೇಲೆ ಮುರಿದಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂದವನು ಯೇಸುವೇ. ಮತ್ತಾಯ 5ನೆಯ ಅಧ್ಯಾಯದಲ್ಲಿದೆ. ಉಪವಾಸ ಆಮೇಲೆ.

ಇನ್ನೊಂದು ಮಾತು. ಹೋದ ಸಾರಿ ನಾವೆಲ್ಲ ಒಟ್ಟಿಗೆ ವಾಕ್ಯ ಓದುತ್ತಿದ್ದಾಗ ನೀನು ಒಂದು ವಚನವನ್ನು ರೋಮಾಪುರದ ಪತ್ರದ್ದು ಅಂದೆ. ನಿನ್ನ ತಮ್ಮ ‘ಅಣ್ಣಾ, ಅದು ಗಲಾತ್ಯದಲ್ಲಿದೆ’ ಅಂದ. ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ನಿನ್ನ ಮುಖ ಬಿಗಿಯಿತು. ಪುಟ ತಿರುಗಿಸುತ್ತಿದ್ದ ಬೆರಳು ನಿಂತುಹೋಯಿತು. ಪ್ರಾರ್ಥನೆ ಮುಗಿಯುವವರೆಗೂ ನೀನು ಒಂದು ಮಾತೂ ಆಡಲಿಲ್ಲ, ಹೊರಡುವಾಗ ಅವನ ಕಡೆ ನೋಡಲೂ ಇಲ್ಲ. ನಿನ್ನ ಸಿಟ್ಟು ಹುಟ್ಟುವ ಜಾಗ ಅದು. ಯಾರೋ ತಿದ್ದಿದಾಗ, ‘ನನಗೆ ಗೊತ್ತಿಲ್ಲವೇ’ ಎಂದು ಒಳಗಿನಿಂದ ಏನೋ ಏಳುತ್ತದಲ್ಲ, ಆ ಗಳಿಗೆಯನ್ನು ಗುರುತಿಸುವುದು ಕಲಿ. ಬೈಗುಳ ಬಾಯಿಗೆ ಬಂದ ಮೇಲೆ ಹಿಡಿಯುವುದು ಕಷ್ಟ. ಮುಖ ಬಿಗಿಯುವಾಗಲೇ ‘ಕರ್ತನೇ, ಇಗೋ ಬಂತು’ ಅಂತ ಒಳಗೇ ಹೇಳಿಕೊಂಡು, ತಿದ್ದಿದವರಿಗೆ ‘ಹೌದಲ್ಲ, ಸರಿ’ ಅಂತ ಬಾಯಿಬಿಟ್ಟು ಹೇಳು. ಮೊದಮೊದಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೂ ಹೇಳು.

ಲೂಕ 18ರಲ್ಲಿ ಯೇಸು ಹೇಳಿದ ಸಾಮ್ಯದ ಫರಿಸಾಯನನ್ನು, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಆ ಯೆಹೂದ್ಯನನ್ನು, ನಾವು ಕೆಟ್ಟವನೆಂದು ಬೇಗ ತಳ್ಳಿಹಾಕುತ್ತೇವೆ. ಅವನು ಕಳ್ಳನಲ್ಲ, ವ್ಯಭಿಚಾರಿಯಲ್ಲ. ವಾರಕ್ಕೆ 2 ದಿನ ಉಪವಾಸ, ಸಂಪಾದನೆಯಲ್ಲೆಲ್ಲ ದಶಮಾಂಶ. ಅದಕ್ಕೆಲ್ಲ ದೇವರಿಗೆ ಸ್ತೋತ್ರ ಕೂಡ ಹೇಳುತ್ತಾನೆ! ಕೃತಜ್ಞತೆಯ ಮಾತಿನೊಳಗೇ ಅಹಂಕಾರ ಕೂತಿದೆ. ಕುಡಿತ ಬಿಟ್ಟೆ, ಕೆಟ್ಟ ಸಹವಾಸ ಬಿಟ್ಟೆ ಅಂತ ನೀನು ಸಾಕ್ಷಿ ಹೇಳುವಾಗ ನಾನು ಸಂತೋಷದಿಂದ ಕಣ್ಣೀರು ಹಾಕಿದ್ದೇನೆ. ಈಚೆಗೆ ಅದರಲ್ಲಿ ‘ಇನ್ನೂ ಬಿಡದವರ’ ಮೇಲಿನ ತಿರಸ್ಕಾರ ಸೇರುತ್ತಿದೆ. ಅಹಂಕಾರ ಗರಿಕೆಯ ಹಾಗೆ, ಮೇಲೆ ಕಿತ್ತಷ್ಟೂ ಅಡಿಯಲ್ಲಿ ಹಬ್ಬುತ್ತದೆ. ಪಾಪ ಬಿಟ್ಟ ಜಾಗದಲ್ಲೇ, ಬಿಟ್ಟವನು ನಾನು ಅಂತ ಚಿಗುರುತ್ತದೆ. ಸಂತ ಆಗಸ್ಟಿನ್ 387ರಲ್ಲಿ ದೀಕ್ಷಾಸ್ನಾನ ಪಡೆದರು. ಹತ್ತು ವರ್ಷಕ್ಕೂ ಮೇಲೆ, ಬಿಷಪ್ ಆಗಿದ್ದಾಗ, ತಮ್ಮ ಆತ್ಮಕಥನದ ಹತ್ತನೆಯ ಭಾಗದಲ್ಲಿ, ಹೊಗಳಿಕೆಯ ಆಸೆಯಿಂದ ತಾನು ಎಷ್ಟು ಬಿಡುಗಡೆ ಹೊಂದಿದ್ದೇನೆ ಎಂದು ತನಗೇ ಅಳೆಯಲು ಬರುವುದಿಲ್ಲ ಎಂದು ದೇವರಿಗೆ ಒಪ್ಪಿಸಿಕೊಳ್ಳುತ್ತಾರೆ. ಅಷ್ಟು ದೊಡ್ಡ ಗುರುಗಳೇ ಹಾಗೆಂದರೆ ನಾವು ಎಷ್ಟು ಎಚ್ಚರವಾಗಿರಬೇಕು!

‘ಹುಟ್ಟುಗುಣ ಸುಟ್ಟರೂ ಹೋಗದು ದೊಡ್ಡಮ್ಮ’ ಅಂತ ಬರೆದಿದ್ದೀಯ. ಆ ಗಾದೆಯನ್ನು ನಾನು ಒಪ್ಪುವುದಿಲ್ಲ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ ಎಂಬ ವಾಕ್ಯವನ್ನು ನಂಬಿ ನೀರಿಗಿಳಿದವನು ನೀನು. ಹಾಗಂತ ಒಂದೇ ಏಟಿಗೆ ಎಲ್ಲ ಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಪಂಚಾಶತ್ತಮ ದಿನದಲ್ಲಿ, ಅಂದರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಹಬ್ಬದ ದಿನ, ಪವಿತ್ರಾತ್ಮಭರಿತನಾಗಿ ಸಾರಿದ ಪೇತ್ರನೇ ಎಷ್ಟೋ ವರ್ಷದ ಮೇಲೆ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿದ. ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟಕ್ಕೆ ಕೂರುತ್ತಿದ್ದವನು ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದ ಕೂಡಲೇ ಹಿಂದೆ ಸರಿದ, ಬಾರ್ನಬನೂ ಅವನನ್ನು ನೋಡಿ ಹಾಗೇ ಮಾಡಿದ. ಪೌಲ ಎಲ್ಲರ ಮುಂದೆ ಮುಖಾಮುಖಿಯಾಗಿ ಗದರಿಸಬೇಕಾಯಿತು. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ‘ಆ ಮನುಷ್ಯನನ್ನು ಅರಿಯೆ’ ಅಂದ ಅದೇ ಭಯ ಮತ್ತೆ ಬಂದಿತ್ತು.

‘ಅಮೇಜಿಂಗ್ ಗ್ರೇಸ್’ ಎಂಬ ಕೃಪೆಯ ಹಾಡು ಬರೆದು ಲೋಕಕ್ಕೆಲ್ಲ ಪರಿಚಿತನಾದ ಜಾನ್ ನ್ಯೂಟನ್ ವಿಷಯ ಇನ್ನೂ ಗಂಭೀರವಾದದ್ದು. 1748ರ ಮಾರ್ಚ್‌ನಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟ. ಬಾಯಲ್ಲಿ ಬರುತ್ತಿದ್ದ ಕೆಟ್ಟ ಮಾತು ನಿಂತಿತು. ಆದರೆ 1754ರವರೆಗೂ ಗುಲಾಮರನ್ನು ಸಾಗಿಸುವ ಹಡಗಿನಲ್ಲೇ ಇದ್ದ, ಅದರ ಕಪ್ತಾನನೂ ಆಗಿದ್ದ. ಮೇಲೆ ಪ್ರಾರ್ಥನೆ ನಡೆಸುತ್ತಿದ್ದ, ಕೆಳಗೆ ಸರಪಳಿಯಲ್ಲಿ ಮನುಷ್ಯರಿದ್ದರು. 1764ರಲ್ಲಿ ಸಭಾಪಾಲಕನಾದ. ಆ ವ್ಯಾಪಾರದಲ್ಲಿ ತನ್ನ ಕೈ ಇದ್ದದ್ದಕ್ಕೆ ನಾಚಿಕೆಪಟ್ಟು ಎಲ್ಲರೂ ಓದುವ ಹಾಗೆ ಬರೆದು ಪ್ರಕಟಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿದರೆ 40 ವರ್ಷ. ಅಷ್ಟು ತಡವಾಗಿದ್ದರಿಂದ ನೊಂದವರ ಲೆಕ್ಕ ದೇವರಿಗೇ ಗೊತ್ತು, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ನಾನು ಹೇಳುವುದಿಷ್ಟು: ಒಬ್ಬ ವಿಶ್ವಾಸಿಗೆ ತನ್ನ ಕಣ್ಣಿಗೇ ಕಾಣದ ಪಾಪವಿರಬಹುದು, ಕಾಣಿಸಿದ ದಿನ ವಯಸ್ಸು, ಹೆಸರು, ಸ್ಥಾನ ಯಾವುದನ್ನೂ ನೋಡದೆ ಒಪ್ಪಿಕೊಳ್ಳಬೇಕು. ನಿನಗೆ ಈಗಲೇ ಕಾಣಿಸಿದೆ. ತಡ ಮಾಡಬೇಡ.

ಬಿಟ್ಟರೆ ಸಾಲದು, ಆ ಜಾಗದಲ್ಲಿ ಒಳ್ಳೆಯದನ್ನು ಇಡಬೇಕು. ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ, ಮೊದಲು ಅಲ್ಲಿಂದ ಬಿಟ್ಟುಹೋಗಿದ್ದ ದೆವ್ವ ಇನ್ನೂ ಏಳು ಮಂದಿಯನ್ನು ಕರೆದುಕೊಂಡು ಬರುತ್ತದೆ ಅಂತ ಯೇಸು ಹೇಳಿದ್ದು ಅದಕ್ಕೇ. ಎಫೆಸದ ಪತ್ರದ 4ನೆಯ ಅಧ್ಯಾಯವನ್ನು ಈ ವಾರ ದಿನಾ ಓದು. ಕಳ್ಳನಿಗೆ ಕದಿಯಬೇಡ ಅಂದು ಪೌಲ ಅಲ್ಲಿಗೇ ನಿಲ್ಲಿಸುವುದಿಲ್ಲ. ಕೈಯಾರೆ ದುಡಿ, ಇಲ್ಲದವರಿಗೆ ಕೊಡು ಅನ್ನುತ್ತಾನೆ. ಕಸಿದುಕೊಳ್ಳುತ್ತಿದ್ದ ಕೈ ಕೊಡುವ ಕೈ ಆಗಬೇಕು. ಹಾಗಾದರೆ ಬೈಯುತ್ತಿದ್ದ ನಿನ್ನ ಬಾಯಿ ಏನಾಗಬೇಕು? ಹೆಂಡತಿಯನ್ನು ಮಕ್ಕಳ ಮುಂದೆ ಮೆಚ್ಚಿ ಮಾತಾಡಿ ಎಷ್ಟು ದಿನವಾಯಿತು? ಸೂರ್ಯ ಮುಳುಗುವುದರೊಳಗೆ ಕೋಪ ತೀರಲಿ ಎನ್ನುವುದೂ ಅದೇ ಅಧ್ಯಾಯದಲ್ಲಿದೆ. ಅದನ್ನು ಮನೆಯ ಕಾನೂನು ಮಾಡಿಕೋ.

ಯುವಕರ ಕೂಟ ಬಿಟ್ಟುಬಿಡಲೇ ಅಂತ ಕೇಳಿದ್ದೀಯ. ಆ ತೀರ್ಮಾನ ನಿನ್ನದಲ್ಲ. ಪಾಸ್ಟರ್ ಹತ್ತಿರ ಹೋಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳು. ಸ್ವಲ್ಪ ದಿನ ಬೇಡ ಅಂದರೆ ಸಂತೋಷದಿಂದ ಹಿಂದಿನ ಸಾಲಿನಲ್ಲಿ ಕೂತುಕೋ. ಮುಂದುವರಿಸು ಅಂದರೆ ನಡುಗುತ್ತಲೇ ಮುಂದುವರಿಸು. ಸಭೆಯ ಹಿರಿಯರಲ್ಲಿ ನಿನ್ನನ್ನು ಹೊಗಳದ ಒಬ್ಬರನ್ನು ನೋಡಿ, ವಾರಕ್ಕೊಮ್ಮೆ ‘ಈ ವಾರ ಮನೆಯಲ್ಲಿ ಹೇಗಿದ್ದೆ’ ಅಂತ ಕೇಳಿ ಎಂದು ಬೇಡಿಕೋ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನು ಹೇಳಿದ್ದಾನೆ. ನಾವು ಆ ಮಾತನ್ನು ಓದುತ್ತೇವೆ, ಯಾಕೋ ಪಾಲಿಸುವುದು ಕಡಿಮೆ.

‘ನಾನು ಯಾವುದಕ್ಕೂ ಲಾಯಕ್ಕಿಲ್ಲ, ದೇವರು ನನ್ನನ್ನು ಕೈಬಿಟ್ಟಿರಬೇಕು’ ಎಂಬ ಮಾತು ಇನ್ನು ಬರೆಯಬೇಡ. ಅದು ದೀನತೆ ಅಂತ ನೀನು ತಿಳಿದಿದ್ದೀಯ. ಅಲ್ಲಿಯೂ ಕಣ್ಣು ನಿನ್ನ ಮೇಲೇ ನೆಟ್ಟಿದೆ. ‘ಎಲ್ಲರೂ ಬಿಟ್ಟರೂ ನಾನು ಬಿಡೆನು’ ಎಂದಿದ್ದ ಪೇತ್ರನನ್ನು ಸಮುದ್ರದ ದಡದಲ್ಲಿ ಕರ್ತನು ಏನು ಕೇಳಿದ ನೋಡು: ಇವರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುತ್ತೀಯಾ? ಪೇತ್ರ ಆ ಹೋಲಿಕೆಯ ತಂಟೆಗೇ ಹೋಗಲಿಲ್ಲ. ನಿನ್ನನ್ನು ಪ್ರೀತಿಸುತ್ತೇನೆ, ಅದು ನಿನಗೇ ಗೊತ್ತು ಅಂದ. ಅಷ್ಟಕ್ಕೇ ಕುರಿಗಳನ್ನು ಅವನ ಕೈಗೆ ಒಪ್ಪಿಸಿದನಲ್ಲ! ಶರೀರದಲ್ಲಿ ನಾಟಿದ್ದ ಶೂಲ ಹೋಗಲಿ ಅಂತ ಪೌಲ 3 ಸಾರಿ ಬೇಡಿದಾಗಲೂ ಸಿಕ್ಕ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬುದು. ತಾನು ಹೆಚ್ಚಿಕೊಳ್ಳದ ಹಾಗೆ ಅದು ಕೊಡಲ್ಪಟ್ಟಿತು ಎಂದು ಪೌಲನೇ ಬರೆಯುತ್ತಾನೆ.

ನಾನು ಅವಳಿಗೆ ಬೇರೆಯಾಗಿ ಬರೆಯುವುದಿಲ್ಲ, ಫೋನೂ ಮಾಡುವುದಿಲ್ಲ. ನಿನ್ನ ಪರವಾಗಿ ಮಾತಾಡಿ ನಿನ್ನ ದಾರಿ ಸುಲಭ ಮಾಡಬಾರದು ಅಂತ ನಿರ್ಧರಿಸಿದ್ದೇನೆ. ಒಂದು ಮಾತ್ರ ಹೇಳಿಬಿಡುತ್ತೇನೆ: ಸಿಟ್ಟು ಎಂದಾದರೂ ಕೈಯವರೆಗೆ ಬಂದರೆ, ಅಥವಾ ಮಕ್ಕಳು ನಿನ್ನನ್ನು ಕಂಡು ಅಡಗುವ ಹಾಗಾದರೆ, ಅದನ್ನು ಪ್ರಾರ್ಥನೆಗೆ ಬಿಟ್ಟು ಸುಮ್ಮನಿರುವ ಮಾತೇ ಇಲ್ಲ. ಆ ದಿನ ಅವಳನ್ನೂ ಮಕ್ಕಳನ್ನೂ ಕಾಪಾಡುವುದು ಮೊದಲು, ನಾನು ಅವಳ ಪಕ್ಕದಲ್ಲಿ ನಿಲ್ಲುತ್ತೇನೆ. ನೀನೂ ಹಿಂಜರಿಯದೆ ಇದನ್ನು ಬಲ್ಲ ಆಪ್ತಸಲಹೆಗಾರರ ಹತ್ತಿರ ಹೋಗಬೇಕು. ಅದರಲ್ಲಿ ನಂಬಿಕೆಗೆ ಕೊರತೆಯೇನೂ ಇಲ್ಲ.

ನಿನ್ನ ತಮ್ಮನಿಗೂ ಒಂದು ಮಾತು ಬಾಕಿ ಇದೆ, ಮರೆಯಬೇಡ. ಅವನು ಹೇಳಿದ್ದು ಸರಿ, ಆ ವಚನ ಗಲಾತ್ಯದಲ್ಲೇ ಇದೆ.

ಹೆಂಡತಿಯ ಹತ್ತಿರ ಮಾತಾಡಿದ ಮೇಲೆ ಬರೆ. ನೀನು ಏನು ಹೇಳಿದೆ ಎಂಬುದನ್ನು ಚಿಕ್ಕದಾಗಿ ಬರೆ, ಅವಳು ಏನಂದಳು ಎಂಬುದನ್ನು ಪೂರ್ತಿಯಾಗಿ ಬರೆ.

ನಿನ್ನ ಹೆಸರು ಹಿಡಿದು ದಿನಾ ಪ್ರಾರ್ಥಿಸುವ,
ದೊಡ್ಡಮ್ಮ