ಜಪ್ತಿಯಾದ ಬೈಕ್ ಪುಡಿಯಾಗುವ ಮೊದಲು ಮಾಲೀಕರಿಗೆ ಕಾಲಾವಕಾಶ ಇರಲಿ

ಮಾನ್ಯ ಸಂಪಾದಕರೆ,

ಕಾಲುದಾರಿ, ಉದ್ಯಾನ, ಹುಲ್ಲುಗಾವಲುಗಳಲ್ಲಿ ಅಕ್ರಮವಾಗಿ ಓಡಿಸಿದ ಡರ್ಟ್ ಬೈಕ್ (ಒರಟು ನೆಲದ ಮೇಲೆ ಓಡಿಸುವ ಮೋಟಾರ್ ಸೈಕಲ್) ಮತ್ತು ನಾಲ್ಕು ಚಕ್ರದ ಕ್ವಾಡ್ ಬೈಕ್‌ಗಳನ್ನು ಬ್ರಿಟನ್ನಿನ ಪೊಲೀಸರು ಜಪ್ತಿ ಮಾಡಿ ಗುಜರಿ ಯಂತ್ರಕ್ಕೆ ಹಾಕುತ್ತಿರುವ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನೂ, ಅದನ್ನು ಮೆಚ್ಚಿ ಓದುಗರು ಬರೆದ ಪತ್ರಗಳನ್ನೂ ಓದಿದೆ. ಉದ್ಯೋಗದ ನಿಮಿತ್ತ ಹಲವು ವರ್ಷ ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಾನು ಈ ಹಾವಳಿಯನ್ನು ಹತ್ತಿರದಿಂದ ಕಂಡವನು. ಇಂಥ ವಾಹನಗಳನ್ನು ನಾಶಪಡಿಸುವುದು ಸರಿಯೆಂದೇ ನನ್ನ ಖಚಿತ ಅಭಿಪ್ರಾಯ. ಆದರೆ ಜಪ್ತಿಗೂ ನಾಶಕ್ಕೂ ನಡುವೆ ಕಾನೂನು ಇಟ್ಟಿರುವ ದಿನಗಳನ್ನು ಮೊಟಕುಗೊಳಿಸುವ ಆಲೋಚನೆ ತಪ್ಪು ಎಂದು ಹೇಳುವುದಕ್ಕಾಗಿ ಈ ಪತ್ರ.

ನಾನಿದ್ದ ಮನೆಯ ಹಿಂದೆ ಕುರಿ ಮೇಯುವ ಬಯಲು, ಅದರ ನಡುವೆ ಜನ ನಡೆದಾಡಲೆಂದೇ ಬಿಟ್ಟ ಕಾಲುದಾರಿ ಇತ್ತು. ಸಂಜೆ ಅಲ್ಲಿಗೆ ಮೂರು ನಾಲ್ಕು ಬೈಕ್‌ಗಳು ಬರುತ್ತಿದ್ದವು. ಅವಕ್ಕೆ ನಂಬರ್ ಪ್ಲೇಟ್ ಇರುತ್ತಿರಲಿಲ್ಲ, ಸವಾರರ ಮುಖವೂ ಕಾಣುತ್ತಿರಲಿಲ್ಲ. ದೂರದಿಂದ ಅವುಗಳ ಸದ್ದು ಕೇಳಿಸಿದೊಡನೆ ವಾಯುವಿಹಾರಕ್ಕೆ ಬಂದ ವೃದ್ಧರು ತಮ್ಮ ನಾಯಿಯ ಹಗ್ಗವನ್ನು ಬಿಗಿಹಿಡಿದು ಕಲ್ಲುಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಒಂದು ವಸಂತದಲ್ಲಿ, ಬೈಕ್‌ಗಳು ಹೋದ ಮರುದಿನ ಬೆಳಿಗ್ಗೆ, ನಾನು ಆ ದಾರಿಯಲ್ಲಿ ನಡೆದೆ. ಹಲ್ಲುಹಲ್ಲಾದ ಹಿಂದಿನ ಟೈರು ಹುಲ್ಲನ್ನು ಬೇರುಸಹಿತ ಕಿತ್ತು, ಕಪ್ಪು ಮಣ್ಣನ್ನು ಗೇಣು ಆಳಕ್ಕೆ ಬಗೆದಿತ್ತು. ಆ ಜಾಡಿನಲ್ಲಿ ಆಗಲೇ ನೀರು ನಿಂತಿತ್ತು. ಜಾಡಿನ ಅಂಚಿಗೇ ಟಿಟ್ಟಿಭವೊಂದರ ಗೂಡು. ಗೂಡೆಂದರೆ ಬರೀ ನೆಲದಲ್ಲಿನ ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ. ಎರಡು ಮಣ್ಣಿನೊಳಗೆ ಒತ್ತಿಹೋಗಿದ್ದವು. ಹಕ್ಕಿ ನನ್ನ ತಲೆಯ ಮೇಲೆ ಕೂಗುತ್ತ ಸುತ್ತುತ್ತಿತ್ತು. ಹುಡುಗರ ಆಟವೆಂದು ಇದನ್ನು ತಳ್ಳಿಹಾಕುವವರನ್ನು ಕಂಡಾಗಲೆಲ್ಲ ನನಗೆ ಆ ಗೂಡು ನೆನಪಾಗುತ್ತದೆ.

ದಂಡ ಹಾಕಿ ಬಿಟ್ಟರೆ ಸಾಲದೇ, ವಾಹನವನ್ನೇ ಏಕೆ ನಾಶ ಮಾಡಬೇಕು ಎಂದು ಕೆಲವರು ಕೇಳಿದ್ದಾರೆ. ದಂಡ ಯಾರಿಗೆ ಹಾಕುವುದು ಎಂಬುದೇ ಇಲ್ಲಿನ ತೊಡಕು. ಖಾಸಗಿ ಜಮೀನಿನಲ್ಲಿ, ರಸ್ತೆಯ ಹೊರಗೆ ಮಾತ್ರ ಬಳಸುವ ಬೈಕ್‌ಗೆ ಬ್ರಿಟನ್ನಿನಲ್ಲಿ ನೋಂದಣಿ ಕಡ್ಡಾಯವಲ್ಲ; ಆದ್ದರಿಂದ ಅದು ಯಾರದೆಂದು ಹೇಳುವ ದಾಖಲೆ ಬಹಳ ಸಲ ಇರುವುದೇ ಇಲ್ಲ. ಬೆನ್ನಟ್ಟಿ ಹಿಡಿಯೋಣವೆಂದರೆ ಓಡುವ ಸವಾರನೋ ದಾರಿಹೋಕನೋ ಸಾಯುವ ಅಪಾಯವಿದೆಯೆಂದು ಪೊಲೀಸರು ಹಿಂಜರಿಯುತ್ತಾರೆ, ಅದನ್ನು ಬಲ್ಲ ಕೆಲವು ಸವಾರರು ಪೊಲೀಸರನ್ನು ಕಂಡೊಡನೆ ಬೇಕೆಂದೇ ಹೆಲ್ಮೆಟ್ ತೆಗೆದೆಸೆಯುತ್ತಾರೆ. ಕೊನೆಗೆ ಪೊಲೀಸರ ಕೈಗೆ ಸಿಗುವುದು ಯಾವುದೋ ಗ್ಯಾರೇಜಿನಲ್ಲಿ ಅಡಗಿಸಿಟ್ಟ ಬೈಕ್ ಮಾತ್ರ. ಅದನ್ನು ಹರಾಜು ಹಾಕಿದರೆ ಕೊಳ್ಳುವವರು ಯಾರು? ರಸ್ತೆಗಿಳಿಸಲು ಯೋಗ್ಯವಲ್ಲದ ಬೈಕನ್ನು ಕೊಂಡವರಲ್ಲಿ ಹಲವರು ಮತ್ತೆ ಅದೇ ಬಯಲಿಗೇ ಬರುತ್ತಾರೆ. ಪುಡಿ ಮಾಡುವುದಕ್ಕೆ ನನ್ನ ಬೆಂಬಲವಿರುವುದು ಈ ಕಾರಣಕ್ಕೆ.

ಆದರೆ ಪತ್ರ ಬರೆದ ಕೆಲವರು ಭಾವಿಸಿರುವಂತೆ, ಹಿಡಿದ ಜಾಗದಲ್ಲೇ ವಾಹನವನ್ನು ಜಜ್ಜಿಹಾಕುವ ಅಧಿಕಾರ ಅಲ್ಲಿ ಯಾವ ಪೊಲೀಸನಿಗೂ ಇಲ್ಲ. ಜಪ್ತಿಗೆ ಮುಖ್ಯ ಆಧಾರ 2002ರ ಪೊಲೀಸ್ ಸುಧಾರಣಾ ಕಾಯ್ದೆಯ 59ನೇ ಸೆಕ್ಷನ್. ವಾಹನವನ್ನು ಅಜಾಗರೂಕತೆಯಿಂದ ಅಥವಾ ಓಡಿಸಬಾರದ ನೆಲದಲ್ಲಿ ಓಡಿಸಿರಬೇಕು, ಜೊತೆಗೆ ಅದರಿಂದ ಸಾರ್ವಜನಿಕರಿಗೆ ಭಯವೋ ಸಂಕಟವೋ ಕಿರಿಕಿರಿಯೋ ಆಗಿರಬೇಕು ಅಥವಾ ಆಗುವಂತಿರಬೇಕು. ಎರಡೂ ಕೂಡಿದಾಗಲಷ್ಟೇ ಸಮವಸ್ತ್ರದಲ್ಲಿರುವ ಪೊಲೀಸರು ಅದನ್ನು ವಶಕ್ಕೆ ಪಡೆಯಬಹುದು. ಅದಕ್ಕಾಗಿ ಅವರು ಮನೆಯ ಗ್ಯಾರೇಜಿಗೂ ಅಂಗಳಕ್ಕೂ ಹೋಗಬಹುದು, ವಾಸದ ಮನೆಯೊಳಗೆ ಕಾಲಿಡುವಂತಿಲ್ಲ. ವಿಮೆ ಅಥವಾ ಲೈಸೆನ್ಸ್ ಇಲ್ಲದೆ ರಸ್ತೆಯಲ್ಲಿ ಓಡಿಸಿದ್ದರೆ ಜಪ್ತಿಗೆ ಬೇರೆಯೇ ಸೆಕ್ಷನ್ ಇದೆ.

ಈ 59ನೇ ಸೆಕ್ಷನ್ನಿನಲ್ಲಿ, ಸಾಮಾನ್ಯವಾಗಿ ಮೊದಲು ಎಚ್ಚರಿಕೆ ನೀಡಿ, ಆಮೇಲೂ ಹಾವಳಿ ಮುಂದುವರಿದರೆ ಮಾತ್ರ ಜಪ್ತಿ ಮಾಡಬೇಕೆಂಬ ಷರತ್ತಿತ್ತು. ಮುಖ ಮುಚ್ಚಿಕೊಂಡು ಓಡಿಹೋಗುವವನಿಗೆ ನಿಂತು ಎಚ್ಚರಿಕೆ ಹೇಳುವುದು ಹೇಗೆ? 2025ರಲ್ಲಿ ಸಂಸತ್ತಿನ ಮುಂದೆ ಬಂದ ಅಪರಾಧ ಮತ್ತು ಪೊಲೀಸ್ ವ್ಯವಸ್ಥೆಯ ಮಸೂದೆ ಈ ಷರತ್ತನ್ನು ಕೈಬಿಡಲು ಹೊರಟದ್ದು ಸರಿಯಾದ ಹೆಜ್ಜೆ.

ನನ್ನ ತಕರಾರಿರುವುದು ಅದೇ ವರ್ಷದ ಜುಲೈಯಲ್ಲಿ ಸರ್ಕಾರ ಜನಾಭಿಪ್ರಾಯಕ್ಕೆ ಇಟ್ಟ ಇನ್ನೊಂದು ಪ್ರಸ್ತಾವದ ಬಗ್ಗೆ. ಜಪ್ತಿಯಾದ ವಾಹನವನ್ನು ವಿಲೇವಾರಿ ಮಾಡಲು ಇದ್ದ 14 ದಿನಗಳ ಕಾಯುವಿಕೆಯನ್ನು 48 ಗಂಟೆಗಳಿಗೆ ಇಳಿಸಬೇಕೆಂಬುದು ಅದರ ಸಾರ. ಬೇಗ ನಾಶವಾದಷ್ಟೂ ಪುಂಡರಿಗೆ ಬಿಸಿ ತಾಗುತ್ತದೆ ಎಂಬ ವಾದ ಕೇಳಲು ಹಿತವಾಗಿದೆ. ಆದರೆ ಹೀಗೆ ಸಿಕ್ಕಿಬೀಳುವ ಬೈಕ್‌ಗಳಲ್ಲಿ ಕದ್ದ ಮಾಲೂ ಇರುತ್ತದೆ ಎಂಬುದನ್ನು ಆ ವಾದ ಮರೆಯುತ್ತದೆ. ಕ್ವಾಡ್ ಬೈಕ್ ಅಲ್ಲಿನ ಕುರಿ ಸಾಕುವ ರೈತನಿಗೆ ಮೋಜಿನ ವಸ್ತುವಲ್ಲ. ಗುಡ್ಡದ ಮೇಲಿನ ಕುರಿಗಳಿಗೆ ಮೇವು ಸಾಗಿಸುವುದೂ, ಮರಿ ಹಾಕಿ ಬಳಲಿದ ಕುರಿಯನ್ನು ದೊಡ್ಡಿಗೆ ತರುವುದೂ ಅದರ ಮೇಲೆಯೇ. ಅದನ್ನು ಕದ್ದವನು ಮೊದಲು ಮಾಡುವ ಕೆಲಸ ಚಾಸಿ ನಂಬರನ್ನು ಉಜ್ಜಿ ಅಳಿಸುವುದು. ಅಳಿಸಿದ ನಂಬರಿನ ಗುರುತು ಹಿಡಿದು, ದೂರುಗಳೊಂದಿಗೆ ತಾಳೆ ನೋಡಿ, ಬೇರೆ ಜಿಲ್ಲೆಯಲ್ಲಿರಬಹುದಾದ ಮಾಲೀಕನಿಗೆ ತಿಳಿಸುವ ಕೆಲಸ ಎರಡು ದಿನದಲ್ಲಿ ಆಗುವಂಥದ್ದಲ್ಲ. ಶುಕ್ರವಾರ ರಾತ್ರಿ ಜಪ್ತಿಯಾದದ್ದಕ್ಕೆ 48 ಗಂಟೆ ಎಂದರೆ ಕಚೇರಿಗಳು ಮುಚ್ಚಿರುವ ಶನಿವಾರ, ಭಾನುವಾರ, ಅಷ್ಟೆ. ವಾಹನ ತನಗೆ ತಿಳಿಯದಂತೆ, ತನ್ನ ಒಪ್ಪಿಗೆಯಿಲ್ಲದೆ ಬಳಕೆಯಾಯಿತು, ತಡೆಯುವುದು ತನ್ನಿಂದ ಸಾಧ್ಯವಿರಲಿಲ್ಲ ಎಂದು ಮನದಟ್ಟು ಮಾಡಿಸಿದ ಮಾಲೀಕನಿಗೆ ಶುಲ್ಕವಿಲ್ಲದೆ ಅದನ್ನು ಮರಳಿಸಬೇಕೆಂದು 2002ರ ನಿಯಮಗಳೇ ಹೇಳುತ್ತವೆ. ಆತ ಬರುವ ಹೊತ್ತಿಗೆ ಉಳಿದಿರುವುದು ಕಬ್ಬಿಣದ ಮುದ್ದೆಯಾದರೆ ಆ ನಿಯಮ ಯಾರ ಉಪಯೋಗಕ್ಕೆ?

ನ್ಯೂಯಾರ್ಕಿನ ಆಗಿನ ಮೇಯರ್ ಎರಿಕ್ ಆಡಮ್ಸ್ 2022ರ ಜೂನ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಸುಮಾರು 90 ಡರ್ಟ್ ಬೈಕ್‌ಗಳನ್ನೂ ಅಂಥ ಇತರ ವಾಹನಗಳನ್ನೂ ಸಾಲಾಗಿ ನಿಲ್ಲಿಸಿ, ಕ್ಯಾಮೆರಾಗಳ ಮುಂದೆ ಬುಲ್ಡೋಜರ್ ಹರಿಸಿದ ದೃಶ್ಯವನ್ನು ಓದುಗರೊಬ್ಬರು ಮಾದರಿಯೆಂದು ಉದಾಹರಿಸಿದ್ದಾರೆ. ನಾಲ್ಕು ಜನರಿಗೆ ಕಾಣುವಂತೆ ನಾಶ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಪೆಟ್ರೋಲ್, ಎಣ್ಣೆ, ಬ್ಯಾಟರಿಗಳನ್ನು ಮೊದಲೇ ತೆಗೆದಿದ್ದರೆ ಸಾಕು. ಆದರೆ ದೃಶ್ಯಕ್ಕೆ ಬೇಕಾದ ಅವಸರ ಕಾನೂನಿನೊಳಗೆ ಬರಬಾರದು.

ಇದಕ್ಕೆ ಮಧ್ಯದ ದಾರಿಯೊಂದಿದೆ. ಸವಾರನೇ ಮಾಲೀಕನೆಂದು ಖಚಿತವಾಗಿ, ಆತ ಇದೇ ತಪ್ಪಿಗೆ ಹಿಂದೆಯೂ ಸಿಕ್ಕಿಬಿದ್ದಿದ್ದರೆ, 48 ಗಂಟೆಯಲ್ಲೇ ಅವನ ಬೈಕ್ ಪುಡಿಯಾಗಲಿ. ಚಾಸಿ ನಂಬರ್ ಅಳಿಸಿರುವ, ಮಾಲೀಕರು ಯಾರೆಂದು ತಿಳಿಯದ ವಾಹನಗಳಿಗೆ ಮಾತ್ರ 14 ದಿನಗಳ ಅವಧಿ ಉಳಿಯಲಿ. ಆ ಅವಧಿಯಲ್ಲಿ ಅವುಗಳ ಚಿತ್ರ ಮತ್ತು ವಿವರಗಳನ್ನು ಕಳವಿನ ದೂರು ಕೊಟ್ಟವರಿಗೆಲ್ಲ ಪೊಲೀಸರು ಕಳುಹಿಸಲಿ. ಅಷ್ಟಾಗಿಯೂ ಯಾರೂ ಬರದಿದ್ದರೆ 15ನೇ ದಿನ ಅದು ಗುಜರಿಗೆ ಹೋಗುವುದನ್ನು ನಾನೂ ಸ್ವಾಗತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ